‘ಟ್ವಿಲೈಟ್’ ಹಾಡುಗಳು ಹದಿನಾಲ್ಕರ ಕಿವಿಗೆ ಒಗ್ಗುತ್ತವೆಯೇ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ತರಗತಿ. ಬೇಸಿಗೆ ರಜೆಯಲ್ಲಿ ನಮ್ಮಕ್ಕನ ಮಗಳ ಜೊತೆ ಕೂತು ‘ಟ್ವಿಲೈಟ್’ ಎಂಬ, ರಕ್ತ ಕುಡಿಯುವ ವ್ಯಾಂಪೈರ್‌ಗಳ ಪ್ರೇಮಕಥೆಯ ಸಿನಿಮಾಗಳನ್ನು ನೋಡಿಕೊಂಡು ಬಂದಳು. ಅಲ್ಲಿಂದೀಚೆಗೆ ಮನೆಯಲ್ಲಿ ಅದರದ್ದೇ ಹಾಡು. ಮದುವೆಗೆ ಮುಂಚೆ ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು ನಾನು, ಕಿವಿ ಇಲ್ಲದವಳೇನಲ್ಲ. ಆದರೂ ಇದರಲ್ಲಿ ನನಗೆ ಕೇಳಿಸುವುದು ಒಂದೋ ಗದ್ದಲ, ಇಲ್ಲವೇ ಅಳು. ಶಾಲೆಗೆ ಹೋಗುವ ಹುಡುಗಿಯ ಪ್ರೇಮಕಥೆಗೆ ಇಷ್ಟು ಕತ್ತಲೆ ಕವಿದ ಸಂಗೀತ ಯಾಕೆ? ಆ ಸಿನಿಮಾ ನೋಡುವ ವಯಸ್ಸಿನವರಿಗೆ ಇದು ಸರಿಹೊಂದುತ್ತದೆಯೇ?
— ತೀರ್ಥಹಳ್ಳಿಯಿಂದ ಒಬ್ಬ ತಾಯಿ

ಉತ್ತರ: ಮೊದಲ ಸಿನಿಮಾದ ಹಾಡುಗಳು ನಿಮ್ಮ ಮಗಳ ವಯಸ್ಸಿಗೆ ಚೆನ್ನಾಗಿಯೇ ಹೊಂದುತ್ತವೆ. ಎರಡನೆಯದರಲ್ಲಿ ಹಾಡುಗಳು ಇನ್ನೂ ಚೆನ್ನಾಗಿವೆ, ಆದರೆ ಅದರ ಒಂದು ದೃಶ್ಯವನ್ನು ನೀವು ಪಕ್ಕದಲ್ಲಿ ಕೂತು ನೋಡಿದರೆ ಒಳ್ಳೆಯದು. ಕೊನೆಯ ಎರಡು ಭಾಗಗಳ ಹಾಡುಗಳು ನಿಜ ಹೇಳಬೇಕೆಂದರೆ ಅವಳಿಗಿಂತ ನಿಮಗೇ ಹೆಚ್ಚು ಇಷ್ಟವಾದಾವು.

‘ಸರಿಹೊಂದುವುದು’ ಅಂದಾಗ ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಆ ವಯಸ್ಸಿನ ರುಚಿಗೆ ಹತ್ತುತ್ತದೆಯೇ ಎಂಬುದು ಒಂದು, ಆ ವಯಸ್ಸಿನ ಮನಸ್ಸಿಗೆ ಕೇಡು ಮಾಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ದಿನವಿಡೀ ಕೇಳುತ್ತಿದೆ. ಎರಡನೆಯದಕ್ಕೆ ಸಿನಿಮಾದೊಳಗೆ ಹೋಗಿ ನೋಡಬೇಕು. ಈ ಹಾಡುಗಳನ್ನು ದೃಶ್ಯದಿಂದ ಬಿಡಿಸಿ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ.

ನಮ್ಮ ಸಿನಿಮಾದಲ್ಲಿ ಹಾಡು ಪಾತ್ರದ ಬಾಯಿಂದ ಬರುತ್ತದೆ. ನಾಯಕಿ ತುಟಿಯಾಡಿಸುತ್ತಾಳೆ, ಗಾಯಕಿ ಹಾಡುತ್ತಾಳೆ, ಏನನ್ನಿಸುತ್ತಿದೆ ಎಂದು ಸಾಹಿತ್ಯ ನೇರವಾಗಿ ಹೇಳಿಬಿಡುತ್ತದೆ. ಹಾಲಿವುಡ್ಡಿನ ಇಂಥ ಚಿತ್ರಗಳಲ್ಲಿ ಹುಡುಗಿ ಬಾಯಿ ಬಿಡುವುದಿಲ್ಲ. ಯಾವುದೋ ಬ್ಯಾಂಡಿನ ಹಾಡನ್ನು ಹೊರಗಿನಿಂದ ತಂದು ದೃಶ್ಯದ ಮೇಲೆ ಹಾಸುತ್ತಾರೆ. ಯಾವ ಹಾಡು, ಎಲ್ಲಿ, ಎಷ್ಟು ಸೆಕೆಂಡು ಎಂದು ಹುಡುಕಿ ಕೂರಿಸಲು, ಹಕ್ಕು ಕೊಂಡುತರಲು ಮ್ಯೂಸಿಕ್ ಸೂಪರ್‌ವೈಸರ್ ಅಂತ ಒಬ್ಬರಿರುತ್ತಾರೆ. ‘ಟ್ವಿಲೈಟ್’ಗೆ ಆ ಕೆಲಸ ಮಾಡಿದವರು ಅಲೆಕ್ಸಾಂಡ್ರಾ ಪಟ್ಸವಾಸ್. ಹದಿಹರೆಯದವರ ಟಿ.ವಿ. ಧಾರಾವಾಹಿಗಳಿಗೆ ಅಷ್ಟಾಗಿ ಹೆಸರಿಲ್ಲದ ಬ್ಯಾಂಡುಗಳ ಹಾಡು ಹುಡುಕಿ ಹಾಕಿ ಆಗಲೇ ಹೆಸರು ಮಾಡಿದ್ದವರು. ಮಕ್ಕಳ ಸಿನಿಮಾ ಎಂದು ಮಕ್ಕಳ ಹಾಡು ಹಾಕಬೇಕಿಲ್ಲ ಎನ್ನುವುದು ಅವರ ಕೈಯಲ್ಲಿ ಮೊದಲೇ ಪಳಗಿದ್ದ ವಿದ್ಯೆ.

ಈ ಚಿತ್ರಕ್ಕೆ ಅದು ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಬೇಸ್‌ಬಾಲ್ ದೃಶ್ಯವನ್ನೇ ತೆಗೆದುಕೊಳ್ಳಿ. ವ್ಯಾಂಪೈರ್ ಕುಟುಂಬ ಬೇಸ್‌ಬಾಲ್ ಆಡುವುದು ಗುಡುಗು ಇರುವಾಗ ಮಾತ್ರ. ಅವರ ಹೊಡೆತದ ಸದ್ದು ಗುಡುಗಿನಷ್ಟೇ ದೊಡ್ಡದು, ಹಾಗಾಗಿ ಊರಿನವರಿಗೆ ಅನುಮಾನ ಬರಬಾರದಲ್ಲ! ಕಾಗದದ ಮೇಲೆ ಓದಿದರೆ ನಗು ಬರುವ ಕಲ್ಪನೆ. ಪಿಯು ಹುಡುಗ ಹುಡುಗಿಯರಿಗೆ ಸಿನಿಮಾ ನೋಡುವುದನ್ನು ಕಲಿಸುವ ಒಂದು ಶಿಬಿರದಲ್ಲಿ ನಾನು ಈ ದೃಶ್ಯವನ್ನು ಮೊದಲು ಸದ್ದು ಪೂರ್ತಿ ಆರಿಸಿ ತೋರಿಸಿದೆ. ಬಿಳುಚಿಕೊಂಡ ಮುಖದವರು ಕಾಲೆತ್ತಿ ಚೆಂಡೆಸೆಯುತ್ತಾರೆ, ಇಬ್ಬರು ಒಂದೇ ಚೆಂಡಿಗೆ ಗಾಳಿಯಲ್ಲಿ ಹಾರಿ ಡಿಕ್ಕಿ ಹೊಡೆಯುತ್ತಾರೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅದನ್ನೇ ಸದ್ದು ಹಾಕಿ ತೋರಿಸಿದೆ. ಮ್ಯೂಸ್ ಎಂಬ ಇಂಗ್ಲಿಷ್ ಬ್ಯಾಂಡಿನ ‘ಸೂಪರ್‌ಮ್ಯಾಸಿವ್ ಬ್ಲ್ಯಾಕ್ ಹೋಲ್’ ಶುರುವಾಯಿತು. ದಪ್ಪ, ಕೊಳಕು ಗಿಟಾರ್ ಒಂದೇ ತುಣುಕನ್ನು ಮತ್ತೆ ಮತ್ತೆ ಎಳೆಯುತ್ತದೆ. ಅದರ ಮೇಲೆ ಗಾಯಕ ಮ್ಯಾಟ್ ಬೆಲ್ಲಮಿ ಗಂಡಸಿನ ಸಹಜ ಸ್ಥಾಯಿ ಬಿಟ್ಟು ಕಳ್ಳದನಿಯಲ್ಲಿ ತಾರಕ್ಕೇರಿ ಪಿಸುಗುಟ್ಟಿದಂತೆ ಹಾಡುತ್ತಾನೆ. ನಗು ನಿಂತಿತು. ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ಕಾಲು ಕುಟ್ಟುತ್ತಿದ್ದರು.

ಏನಾಯಿತು ಅಲ್ಲಿ? ಆ ತನಕ ಚಿತ್ರದಲ್ಲಿ ವ್ಯಾಂಪೈರ್ ನಾಯಕ ಎಡ್ವರ್ಡ್‌ನ ಮನೆಯವರು ಸಂಕೋಚದಿಂದ, ಹಲ್ಲು ಕಚ್ಚಿಕೊಂಡು, ಮನುಷ್ಯರ ನಡುವೆ ಹೇಗೋ ಸಂಭಾಳಿಸಿಕೊಂಡು ಇದ್ದವರು. ಮೈದಾನದಲ್ಲಿ ಮೊದಲ ಸಲ ಅವರು ತಮ್ಮ ಮೈಯೊಳಗಿನ ಕಸುವನ್ನು ಮುಚ್ಚಿಡದೆ ಆಡುತ್ತಾರೆ. ಹಾಡಿನಲ್ಲಿ ಪ್ರೀತಿಯ ಮಾತು ಹೆಚ್ಚಿಲ್ಲ. ಆಸೆ ಇದೆ, ಸೊಕ್ಕಿದೆ. ದೊಡ್ಡವರ ಮುಂದೆ ತಗ್ಗಿ ಬಗ್ಗಿ ನಡೆಯುವ ವಯಸ್ಸಿನವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿಮಗೆ ಗದ್ದಲ ಎನ್ನಿಸಿದ್ದು ಬಹುಶಃ ಇದೇ ಹಾಡು. ಅದರ ಸಾಹಿತ್ಯ ಶೃಂಗಾರದ್ದೇ, ಮುಚ್ಚುಮರೆ ಮಾಡುವುದಿಲ್ಲ. ಆದರೆ ನಮ್ಮ ಟಿ.ವಿ.ಯಲ್ಲಿ ಸಂಜೆ ಹೊತ್ತು ಬರುವ ಎಷ್ಟೋ ಐಟಂ ಹಾಡುಗಳ ಮುಂದೆ ಅದು ಮಡಿ ಉಟ್ಟ ಹಾಗಿದೆ.

ಇದು ಚಿತ್ರಕ್ಕಾಗಿ ಮಾಡಿದ ಹಾಡಲ್ಲ, 2006ರದ್ದು. ಕಾದಂಬರಿ ಬರೆದ ಸ್ಟೆಫನಿ ಮೇಯರ್ ತಾವು ಬರೆಯುವಾಗ ಯಾವ ಹಾಡು ಕೇಳುತ್ತಿದ್ದೆ ಎಂದು ಪಟ್ಟಿಯನ್ನೇ ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದರು, ಮ್ಯೂಸ್ ಅವರ ಅಚ್ಚುಮೆಚ್ಚಿನ ಬ್ಯಾಂಡು. ಹಾಗಾಗಿ ಪುಸ್ತಕ ಓದಿ ಹುಚ್ಚು ಹತ್ತಿಸಿಕೊಂಡಿದ್ದ ಹುಡುಗಿಯರ ಕಿವಿಗೆ ಈ ಬಗೆಯ ಸಂಗೀತ ಸಿನಿಮಾ ಬರುವ ಮುಂಚೆಯೇ ಬಿದ್ದಿತ್ತು. ಅಮೆರಿಕದಲ್ಲಿ ಚಿತ್ರದ ಹಾಡುಗಳ ಆಲ್ಬಂ ಬಿಡುಗಡೆಯಾದದ್ದು 2008ರ ನವೆಂಬರ್ 4ಕ್ಕೆ, ಸಿನಿಮಾ ಬಂದದ್ದು ನವೆಂಬರ್ 21ಕ್ಕೆ. ಸಿನಿಮಾ ನೋಡುವ ಮುಂಚೆಯೇ ಜನ ಮೊದಲ ವಾರದಲ್ಲಿ ಸುಮಾರು 1,65,000 ಪ್ರತಿ ಕೊಂಡರು, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ನೇರ ಒಂದನೇ ಸ್ಥಾನಕ್ಕೆ ಹೋಯಿತು. ಮಾರಿದ್ದೆಲ್ಲ ಒಳ್ಳೆಯದೇ ಎಂದು ಹೇಳುತ್ತಿಲ್ಲ. ಕೇಳುಗರು ಯಾರು ಎಂಬುದು ತಯಾರಕರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಮಾತ್ರ ಈ ಲೆಕ್ಕ.

ಕತ್ತಲೆ ಯಾಕೆ ಎಂದಿರಿ. ಅರ್ಧ ಉತ್ತರ ಹವಾಮಾನದಲ್ಲಿದೆ. ಕಥೆ ನಡೆಯುವುದು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರಲ್ಲಿ, ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದೂ ಒಂದು. ತೀರ್ಥಹಳ್ಳಿಯವರಿಗೆ ನಾನು ಮಳೆಯ ಬಗ್ಗೆ ಪಾಠ ಹೇಳಬಾರದು, ಆಗುಂಬೆ ನಿಮ್ಮ ಹಿತ್ತಿಲು. ಆದರೂ ಜೂನ್‌ನಿಂದ ಸೆಪ್ಟೆಂಬರಿನ ತನಕ ಬಟ್ಟೆ ಒಣಗದ ಮನೆಯಲ್ಲಿ ಮನಸ್ಸು ಹೇಗಿರುತ್ತದೋ ಆ ಬಣ್ಣವೇ ಇಡೀ ಚಿತ್ರಕ್ಕಿದೆ. ನಿರ್ದೇಶಕಿ ಕ್ಯಾಥರೀನ್ ಹಾರ್ಡ್‌ವಿಕ್ ಮೊದಲ ಭಾಗವನ್ನು ನೀಲಿ ಹಸಿರಿನಲ್ಲಿ ಅದ್ದಿ ತೆಗೆದರು. ಆ ಸೀಮೆಗೆ ತನ್ನದೇ ಸಂಗೀತದ ಪರಂಪರೆಯೂ ಉಂಟು. ಸಿಯಾಟಲ್ ಸುತ್ತಮುತ್ತ ಎಷ್ಟೋ ಬ್ಯಾಂಡುಗಳು ಮೋಡ ಕವಿದ, ತಗ್ಗು ದನಿಯ ರಾಕ್ ಕಟ್ಟಿದವು. ಎರಡನೇ ಚಿತ್ರಕ್ಕೆ ಹಾಡಿದ ಡೆತ್ ಕ್ಯಾಬ್ ಫಾರ್ ಕ್ಯೂಟಿ ವಾಷಿಂಗ್ಟನ್ ರಾಜ್ಯದ್ದೇ ತಂಡ. ಈ ಕಥೆಗೆ ಕಡಲತೀರದ ಬಿಸಿಲಿನ ಪಾಪ್ ಹಾಡು ಹಾಕಿದ್ದರೆ ಶ್ರಾವಣದಲ್ಲಿ ಹೋಳಿ ಹಾಡಿದ ಹಾಗಿರುತ್ತಿತ್ತು.

ಉಳಿದರ್ಧ ಉತ್ತರ ವಯಸ್ಸಿನಲ್ಲಿದೆ, ಅದಕ್ಕೆ ‘ಡಿಕೋಡ್’ ಕೇಳಬೇಕು. ಪ್ಯಾರಾಮೋರ್ ತಂಡ ಈ ಚಿತ್ರಕ್ಕೆಂದೇ ಬರೆದ ಹಾಡು. ಹಾಡಿದ ಹೇಲಿ ವಿಲಿಯಮ್ಸ್‌ಗೆ ಅದು ಹೊರಬಂದಾಗ 19 ವರ್ಷ. ಕಥೆಯಲ್ಲಿ ಎಡ್ವರ್ಡ್‌ಗೆ ಎಲ್ಲರ ಮನಸ್ಸೂ ಕೇಳಿಸುತ್ತದೆ, ನಾಯಕಿ ಬೆಲ್ಲಾಳದ್ದೊಂದು ಬಿಟ್ಟು. ಹಾಡು ಅದನ್ನು ಮಗುಚಿ ಹಾಕುತ್ತದೆ: ಇಲ್ಲಿ ಹುಡುಗಿಗೇ ಅವನು ಅರ್ಥವಾಗುತ್ತಿಲ್ಲ, ತನ್ನ ಬುದ್ಧಿಗೂ ಮಂಕು ಕವಿದಿದೆ ಎಂದು ಅವಳಿಗೇ ಗೊತ್ತು, ಆ ಸಿಟ್ಟನ್ನು ಅವಳು ಕಿರುಚಿ ಹೇಳುತ್ತಾಳೆ. ಹದಿನಾಲ್ಕರಲ್ಲಿ ಎದುರಿಗಿರುವವರು ಏನು ಯೋಚಿಸುತ್ತಿದ್ದಾರೆ ಎಂಬುದೇ ದಿನದ ದೊಡ್ಡ ಸಮಸ್ಯೆ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಬಿದ್ದು ಉತ್ತರ ಬಾರದಿದ್ದಾಗ ನಿಮ್ಮ ಮಗಳ ಮುಖ ಹೇಗಾಗುತ್ತದೆ ನೋಡಿ, ಈ ಹಾಡು ಅದರ ಬಗ್ಗೆಯೇ. ಚಿತ್ರದೊಳಗಿನ ಬೆಲ್ಲಾ ಸಿಟ್ಟನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ಅವಳು ಮಾಡದ ಕೆಲಸವನ್ನು ಈ ಹಾಡು ಮಾಡುತ್ತದೆ, ಅದಕ್ಕೇ ನನಗೆ ಇದು ಆಲ್ಬಮ್ಮಿನ ಅತ್ಯಂತ ಆರೋಗ್ಯಕರ ಹಾಡು. (ಇದಕ್ಕೆ ಗ್ರ್ಯಾಮಿ ನಾಮನಿರ್ದೇಶನವೂ ಬಂತು. ಆ ವರ್ಷ, ಅಂದರೆ 2010ರಲ್ಲಿ, ಪ್ರಶಸ್ತಿ ಹೋದದ್ದು ನಮ್ಮ ರೆಹಮಾನರ ‘ಜೈ ಹೋ’ಗೆ.)

ಇದೇ ಆಲ್ಬಮ್ಮಿನಲ್ಲಿರುವ ಲಿಂಕಿನ್ ಪಾರ್ಕ್ ಎಂಬ ರಾಕ್ ಬ್ಯಾಂಡಿನ ಹಾಡಿನ ಬಗ್ಗೆ ಒಂದು ಮಾತು. ‘ಲೀವ್ ಔಟ್ ಆಲ್ ದ ರೆಸ್ಟ್’ನಲ್ಲಿ ಹಾಡುವವನು ತಾನು ಹೋದ ಮೇಲೆ ತನ್ನ ತಪ್ಪುಗಳನ್ನು ಮರೆತುಬಿಡಿ ಎಂದು ಕೇಳಿಕೊಳ್ಳುತ್ತಾನೆ. 2008ರಲ್ಲಿ ಅದು ಹರೆಯದ ಸಹಜ ವಿಷಾದದಂತೆ ಕೇಳುತ್ತಿತ್ತು. ಹಾಡಿದ ಚೆಸ್ಟರ್ ಬೆನ್ನಿಂಗ್‌ಟನ್ 2017ರ ಜುಲೈನಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ನನಗೆ ಅದನ್ನು ಮೊದಲಿನ ಹಾಗೆ ಕೇಳಲು ಆಗುತ್ತಿಲ್ಲ. ನಿಮ್ಮ ಮಗಳಿಗೆ ಆ ವಿಷಯ ಗೊತ್ತಿರಲೂಬಹುದು. ಹಾಡನ್ನು ನಿಲ್ಲಿಸಬೇಡಿ. ಯಾಕೆ ಇಷ್ಟ ಎಂದು ಸುಮ್ಮನೆ ಕೇಳಿ, ಅವಳು ಹೇಳಲಿ.

ನನಗೆ ತಕರಾರು ಇರುವುದು ನೀವು ತಕರಾರು ತೆಗೆಯದ ಕಡೆ. ಈ ಚಿತ್ರಗಳ ಗದ್ದಲಕ್ಕೆ ಹೆದರಬೇಕಾಗಿಲ್ಲ. ಸ್ವಲ್ಪ ಎಚ್ಚರ ಬೇಕಿರುವುದು ಇಂಪಿನ ಹತ್ತಿರ.

ಎಡ್ವರ್ಡ್ ರಾತ್ರಿ ಹೇಳದೆ ಕೇಳದೆ ಬೆಲ್ಲಾಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ನಿಲ್ಲುತ್ತಿದ್ದವನು. ಅವನೇ ಹೇಳಿಕೊಳ್ಳುತ್ತಾನೆ. ಬೇರೆ ಸಿನಿಮಾದಲ್ಲಿ ಇದೇ ಕೆಲಸಕ್ಕೆ ತಗ್ಗು ಸ್ಥಾಯಿಯ ಪಿಟೀಲು ಗುರುಗುಟ್ಟುತ್ತದೆ, ನೋಡುವವರ ಬೆನ್ನು ತಣ್ಣಗಾಗುತ್ತದೆ. ಇಲ್ಲಿ ಅವನಿಗೆ ಸಿಕ್ಕಿರುವುದು ಲಾಲಿ! ಹಿನ್ನೆಲೆ ಸಂಗೀತ ಕೊಟ್ಟವರು ಕಾರ್ಟರ್ ಬರ್ವೆಲ್, ಹಾಲಿವುಡ್ ನಿರ್ದೇಶಕರಾದ ಕೋಯೆನ್ ಸಹೋದರರ ಚಿತ್ರಗಳಿಗೆ ದಶಕಗಳಿಂದ ಸಂಗೀತ ಮಾಡುತ್ತ ಬಂದ ಗಟ್ಟಿ ಕುಳ. ಅವರ ‘ಬೆಲ್ಲಾಸ್ ಲಲಬೈ’ ಪಿಯಾನೋದ ಮೇಲೆ ಎಷ್ಟು ಚೆಂದ ಅಂದರೆ, ಜಗತ್ತಿನಾದ್ಯಂತ ಪಿಯಾನೋ ಕಲಿಯುವ ಮಕ್ಕಳು ಅದನ್ನು ನುಡಿಸಿ ನುಡಿಸಿ ಸವೆಸಿದ್ದಾರೆ. ಅದಕ್ಕೂ ಮುಂಚೆ ಅವನ ಕೋಣೆಯಲ್ಲಿ ಬೆಲ್ಲಾ ಸಿ.ಡಿ. ಪ್ಲೇಯರಿನ ಗುಂಡಿ ಒತ್ತುತ್ತಾಳೆ, ಡೆಬ್ಯುಸಿಯ ‘ಕ್ಲೇರ್ ದ ಲೂನ್’ ಹೊಮ್ಮುತ್ತದೆ. ಹೆಸರಿನ ಅರ್ಥವೇ ಬೆಳದಿಂಗಳು, 1905ರಲ್ಲಿ ಅಚ್ಚಾದ ಫ್ರೆಂಚ್ ಪಿಯಾನೋ ಕೃತಿ. ಅವಳು ಅದನ್ನು ಗುರುತು ಹಿಡಿಯುತ್ತಾಳೆ, ಅವನು ಕೈ ಹಿಡಿದು ಒಂದು ಸುತ್ತು ತಿರುಗಿಸುತ್ತಾನೆ. ಸಂಗೀತ ಇಲ್ಲಿ ಮಾಡುತ್ತಿರುವುದು ಶಿಫಾರಸು. ‘ಇಂಥದ್ದನ್ನು ಕೇಳುವ ಹುಡುಗ ಕೆಟ್ಟವನಿರಲು ಸಾಧ್ಯವೇ’ ಎಂದು ನಮ್ಮನ್ನು ಒಪ್ಪಿಸಿಬಿಡುತ್ತದೆ. ನಮ್ಮ ಸಿನಿಮಾಗಳಲ್ಲೂ ಹುಡುಗಿಯ ಬೆನ್ನು ಬಿಡದ ನಾಯಕನಿಗೆ ಕೊಳಲಿನ ಬಿಟ್ ಕೊಟ್ಟು ಪಾಪದವನನ್ನಾಗಿ ಮಾಡುವುದು ಹೊಸದೇನಲ್ಲ. ಕಿವಿ ತಯಾರಾಗಿರುವ ನಿಮ್ಮಂಥವರಿಗೆ ಇದು ತಟ್ಟನೆ ಗೊತ್ತಾಗುತ್ತದೆ, ಹದಿನಾಲ್ಕರವರಿಗೆ ಯಾರಾದರೂ ತೋರಿಸಿಕೊಡಬೇಕು.

ಎರಡನೇ ಭಾಗ, 2009ರ ‘ನ್ಯೂ ಮೂನ್’. ನಿರ್ದೇಶಕರು ಬದಲಾದರು, ಹಿನ್ನೆಲೆ ಸಂಗೀತಕ್ಕೆ ಅಲೆಕ್ಸಾಂಡ್ರ್ ದೆಸ್ಪ್ಲಾ ಬಂದರು, ಪಟ್ಸವಾಸ್ ಉಳಿದರು. ಮೊದಲನೆಯದು ಗೆದ್ದಿತ್ತಲ್ಲ, ಈ ಸಲ ಅವರು ಹುಡುಗಿಯರ ಸಿನಿಮಾ ಎಂದರೆ ಮೂಗು ಮುರಿಯುವ ವಲಯದ ಕಲಾವಿದರಿಂದಲೇ ಹೊಸ ಹಾಡು ತಂದರು: ರೇಡಿಯೋಹೆಡ್‌ನ ಥಾಮ್ ಯಾರ್ಕ್, ಬಾನ್ ಇವೆರ್ ಮತ್ತು ಸೇಂಟ್ ವಿನ್ಸೆಂಟ್ ಜೋಡಿ, ಗ್ರಿಜ್ಲಿ ಬೇರ್, ಸ್ವೀಡನ್ನಿನ ಲಿಕ್ಕೆ ಲಿ. ಆಲ್ಬಂ ಆಗಿ ನೋಡಿದರೆ ಸರಣಿಯ ಐದು ಭಾಗಗಳಲ್ಲಿ ನನಗೆ ಇದೇ ಮೇಲು. ಎಷ್ಟೋ ಮಕ್ಕಳು ಈ ಹೆಸರುಗಳನ್ನು ಮೊದಲು ಕೇಳಿದ್ದು ಇಲ್ಲೇ, ಆಮೇಲೆ ಹುಡುಕಿಕೊಂಡು ಹೋಗಿ ಅವರ ಬೇರೆ ಹಾಡುಗಳನ್ನೂ ಕೇಳಿದರು. ಕಾಡಿನಲ್ಲಿ ತೋಳಗಳು ವಿಕ್ಟೋರಿಯಾ ಎಂಬ ಕೆಟ್ಟ ವ್ಯಾಂಪೈರನ್ನು ಅಟ್ಟಿಸಿಕೊಂಡು ಹೋಗುವಾಗ ಸಾಮಾನ್ಯವಾಗಿ ನಗಾರಿ ಬಡಿಯುತ್ತಾರೆ. ಅಲ್ಲಿ ಯಾರ್ಕ್‌ನ ‘ಹಿಯರಿಂಗ್ ಡ್ಯಾಮೇಜ್’ ತಣ್ಣಗೆ ಮಿಡಿಯುತ್ತದೆ. ಅದೊಂದು ಪಾಠ.

ನಾನು ಮೊದಲೇ ಹೇಳಿದ ದೃಶ್ಯ ಇದರಲ್ಲಿದೆ. ಎಡ್ವರ್ಡ್ ಬಿಟ್ಟು ಹೋಗಿದ್ದಾನೆ. ಬೆಲ್ಲಾ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಕ್ಯಾಮೆರಾ ಅವಳ ಸುತ್ತ ನಿಧಾನ ಒಂದು ಸುತ್ತು ಬರುತ್ತದೆ, ಪರದೆಯ ಮೇಲೆ ಅಕ್ಟೋಬರ್ ಎಂದು ಮೂಡುತ್ತದೆ. ಇನ್ನೊಂದು ಸುತ್ತು, ನವೆಂಬರ್. ಮತ್ತೊಂದು, ಡಿಸೆಂಬರ್. ಕಿಟಕಿಯಾಚೆ ಎಲೆ ಉದುರಿ ಹಿಮ ಬೀಳುತ್ತದೆ, ಅವಳು ಕದಲುವುದಿಲ್ಲ. ಅದರ ಮೇಲೆ ಲಿಕ್ಕೆ ಲಿಯ ‘ಪಾಸಿಬಿಲಿಟಿ’: ನಾಲ್ಕಾರು ಪಿಯಾನೋ ಸ್ವರ, ಈಗಷ್ಟೇ ಅತ್ತು ಮುಗಿಸಿದ ಹುಡುಗಿಯ ದನಿ. ಶ್ರುತಿಯ ಅಂಚಿನಲ್ಲೇ ನಡುಗುತ್ತದೆ. ನೀವು ‘ಅಳು’ ಎಂದದ್ದು ಇದನ್ನೇ ಇರಬೇಕು. ಅಳುವೇ, ಆದರೆ ಎಷ್ಟು ಲೆಕ್ಕ ಹಾಕಿದ ಅಳು! ಹಾಡಾಗಿ ನನಗೆ ಇದರಲ್ಲಿ ಒಂದು ಕುಂದೂ ಕಾಣುವುದಿಲ್ಲ. ದೃಶ್ಯವಾಗಿ ಅದು ಮಾಡುವುದೇನೆಂದರೆ, ಮೂರು ತಿಂಗಳು ಕುರ್ಚಿ ಬಿಟ್ಟೇಳದ ಖಿನ್ನತೆಯನ್ನು ಚಿತ್ರಪಟದ ಹಾಗೆ ಸುಂದರವಾಗಿ ಚೌಕಟ್ಟು ಹಾಕಿ ಕೊಡುತ್ತದೆ. ಮುಂದೆ ಅವಳು ಅವನ ರೂಪ ಕಣ್ಣಿಗೆ ಕಾಣಿಸುತ್ತದೆಂದೇ ಬೇಕೆಂದು ಅಪಾಯದ ಬಾಯಿಗೆ ಹೋಗುತ್ತಾಳೆ, ಬಂಡೆಯ ಮೇಲಿಂದ ಸಮುದ್ರಕ್ಕೂ ಹಾರುತ್ತಾಳೆ. ಇಷ್ಟಾದರೂ ಸಂಗೀತ ಒಮ್ಮೆಯೂ ‘ಏಳಮ್ಮಾ, ಊಟ ಮಾಡು’ ಎನ್ನುವುದಿಲ್ಲ. ಇದನ್ನು ನೋಡುವಾಗ ಮಗಳ ಪಕ್ಕ ಕೂರಿ. ಉಪದೇಶ ಬೇಡ. ‘ಇಷ್ಟು ದಿನ ಇವಳ ಅಪ್ಪ ಏನು ಮಾಡುತ್ತಿದ್ದ?’ ಎಂದು ಒಂದು ಪ್ರಶ್ನೆ ಹಾಕಿದರೆ ಸಾಕು, ಅವಳೇ ಮಾತಾಡಲು ಶುರು ಮಾಡುತ್ತಾಳೆ. ಆ ಚಿತ್ರದಲ್ಲಿ ಅಪ್ಪ ಪಾಪ ಒಳ್ಳೆಯವನೇ.

ಮೂರನೆಯದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಾವರ್ಡ್ ಶೋರ್‌ರಂಥ ದೊಡ್ಡ ಸಂಗೀತಗಾರರು ಬಂದರೂ ನನಗೆ ಒಂದು ಸ್ವರವೂ ನೆನಪಿನಲ್ಲಿ ಉಳಿಯಲಿಲ್ಲ. ನಾಲ್ಕನೆಯದರ ಹೊತ್ತಿಗೆ, ಅಂದರೆ 2011ಕ್ಕೆ, ಬ್ರೂನೋ ಮಾರ್ಸ್‌ನ ‘ಇಟ್ ವಿಲ್ ರೇನ್’, ಕ್ರಿಸ್ಟಿನಾ ಪೆರ್ರಿಯ ‘ಎ ಥೌಸಂಡ್ ಇಯರ್ಸ್’ ಬಂದವು. ಇವು ಯಾರ ಕಿವಿಗೂ ಚುಚ್ಚುವುದಿಲ್ಲ, ರೇಡಿಯೋದಲ್ಲಿ ಯಾವ ಹಾಡಿನ ನಂತರ ಬೇಕಾದರೂ ಹಾಕಬಹುದು. ಎರಡನೆಯದನ್ನು ನೀವೂ ಕೇಳಿರುತ್ತೀರಿ. ಈಚೆಗೆ ಬೆಂಗಳೂರಿನ ಒಂದು ಛತ್ರದಲ್ಲಿ ರಿಸೆಪ್ಷನ್ನಿಗೆ ಹೋಗಿದ್ದೆ. ವೇದಿಕೆಯ ಪಕ್ಕ ಸ್ಯಾಕ್ಸೊಫೋನಿನವರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಮುಗಿಸಿ, ಉಸಿರು ತೆಗೆದುಕೊಂಡು, ನೇರ ‘ಎ ಥೌಸಂಡ್ ಇಯರ್ಸ್’ಗೆ ಹೋದರು. ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತಿದ್ದ ಅಜ್ಜಿಯರು ತಲೆದೂಗುತ್ತಿದ್ದರು. ವ್ಯಾಂಪೈರಿನ ಹಾಡು ಎಂದು ಅಲ್ಲಿ ಯಾರಿಗೆ ಗೊತ್ತು! ನನ್ನ ಪ್ರಕಾರ ಈ ಸರಣಿಯ ಸಂಗೀತ ತನ್ನ ಪ್ರೇಕ್ಷಕರ ಕೈ ಬಿಟ್ಟದ್ದೇ ಇಲ್ಲಿ. ಎಲ್ಲರಿಗೂ ಒಗ್ಗುವ ಹಾಡಾದಾಗ ಅದು ಹದಿನಾಲ್ಕರವಳ ಸ್ವಂತದ್ದಾಗಿ ಉಳಿಯಲಿಲ್ಲ.

ಮೊದಲ ಭಾಗದಲ್ಲಿ ಹಾಗಾಗಿರಲಿಲ್ಲ. ಕೊನೆಯ ಶಾಲಾ ನೃತ್ಯದ ದೃಶ್ಯಕ್ಕೆ ಐರನ್ ಆ್ಯಂಡ್ ವೈನ್‌ನ ‘ಫ್ಲೈಟ್‌ಲೆಸ್ ಬರ್ಡ್, ಅಮೆರಿಕನ್ ಮೌತ್’ ಹಾಕಿದ್ದಾರೆ. ಅದನ್ನು ಸೂಚಿಸಿದ್ದು ಬೆಲ್ಲಾ ಪಾತ್ರ ಮಾಡಿದ ಕ್ರಿಸ್ಟನ್ ಸ್ಟುವರ್ಟ್, ಆಗ ಅವಳೂ ಹದಿಹರೆಯದ ಹುಡುಗಿಯೇ. ಅಕಾರ್ಡಿಯನ್ ಸೇರಿಸಿದ ವಾಲ್ಟ್ಜ್ ಅದು, ಮೂರರ ಎಣಿಕೆ, ನಿಮ್ಮ ಭಾಷೆಯಲ್ಲಿ ತಿಶ್ರ ಅಂದುಕೊಳ್ಳಿ. ಸಾಹಿತ್ಯದಲ್ಲಿ ಅವಳು ಇವನನ್ನು ಪ್ರೀತಿಸಿದಳು ಎಂಬಂಥ ಸೀದಾ ಮಾತು ಒಂದೂ ಇಲ್ಲ, ಎಲ್ಲ ಒಗಟು. ದೀಪದ ಸರ ಇಳಿಬಿಟ್ಟ ಮಂಟಪದಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ಹುಡುಗಿಯನ್ನು ಅವನು ತನ್ನ ಪಾದಗಳ ಮೇಲೆ ನಿಲ್ಲಿಸಿಕೊಂಡು ಸುತ್ತುತ್ತಾನೆ. ಒಗಟಿನ ಹಾಡನ್ನು ಒಗಟಾಗಿಯೇ ಕೊಟ್ಟರೂ ಈ ಮಕ್ಕಳು ಹೊತ್ತುಕೊಂಡು ಹೋಗುತ್ತಾರೆ ಎಂಬ ನಂಬಿಕೆ ಅಲ್ಲಿತ್ತು. ಹೊತ್ತುಕೊಂಡೂ ಹೋದರು. ನಾಲ್ಕನೇ ಭಾಗದ ಮದುವೆಯಲ್ಲಿ ಅದನ್ನೇ ಹೊಸದಾಗಿ ಹಾಡಿಸಿ ತರಬೇಕಾಯಿತು.

ಕೊನೆಯದಾಗಿ ಸೀನಿಯರ್ ಪಾಸಾದ ನಿಮಗೆಂದೇ ಒಂದು ಕೆಲಸ. ಮೊದಲ ಸಿನಿಮಾ ಮುಗಿದು ಹೆಸರುಗಳು ಓಡಲು ಶುರುವಾದಾಗ ರೇಡಿಯೋಹೆಡ್‌ನ ‘15 ಸ್ಟೆಪ್’ ಬರುತ್ತದೆ. ಆಲ್ಬಂ ಸಿ.ಡಿ.ಯಲ್ಲಿ ಅದನ್ನು ಸೇರಿಸಿಲ್ಲ, ಹಾಗಾಗಿ ಮಗಳ ಪಟ್ಟಿಯಲ್ಲಿ ಇಲ್ಲದಿರಬಹುದು. ಮೊದಲಿಗೆ ಬರೀ ಚಪ್ಪಾಳೆ, ಡ್ರಮ್ ಯಂತ್ರದ ಸದ್ದು. ನಾಲ್ಕರಲ್ಲಿ ತಾಳ ಹಾಕಲು ಹೋದರೆ ಎಲ್ಲೋ ಎಡವುತ್ತದೆ. ತೊಡೆಯ ಮೇಲೆ ಐದು ಎಣಿಸಿ ನೋಡಿ, ತಕ ತಕಿಟ, ತಕ ತಕಿಟ. ಇಡೀ ಹಾಡು ಖಂಡದಲ್ಲಿದೆ. ಮಗಳಿಗೂ ಹಾಕಲು ಹೇಳಿ. ಎರಡು ನಿಮಿಷ ತಪ್ಪುತ್ತಾಳೆ, ಆಮೇಲೆ ಹಿಡಿಯುತ್ತಾಳೆ.